ಎಂಟೂವರೆ ಸಾವಿರ ಕೈಗಳು

1979ರ ಜುಲೈ 24. ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯ ಕಾರ್ಮಿಕರ ಎದುರು ಒಬ್ಬ ಮಹಿಳೆ ಬಂದು ನಿಂತರು. ಆಗ ಅವರಿಗೆ ನಲವತ್ತು ತುಂಬುವುದರಲ್ಲಿತ್ತು. ಕಸದ ಲಾರಿಯ ಜೊತೆ ಹೋಗುವ ಕಾರ್ಮಿಕನೊಬ್ಬನ ಮುಖ ನೋಡಿ, ಕೈಕುಲುಕಿ, ಈ ಊರನ್ನು ಜೀವಂತವಾಗಿ ಇಟ್ಟಿದ್ದಕ್ಕೆ ನಿಮಗೆ ಧನ್ಯವಾದ ಎಂದರು. ಆಮೇಲೆ ಪಕ್ಕದವರ ಹತ್ತಿರ ಹೋದರು. ಅದೇ ನೋಟ, ಅದೇ ಕೈಕುಲುಕು, ಅದೇ ಮಾತು. ಹೀಗೆ ಹನ್ನೊಂದು ತಿಂಗಳು ನಡೆಯಿತು. 1980ರ ಜೂನ್ 26ರಂದು ಇದು ಮುಗಿಯುವ ಹೊತ್ತಿಗೆ ನಗರದ 59 ವಿಭಾಗಗಳನ್ನೂ ಸುತ್ತಿ 8,500 ಕಾರ್ಮಿಕರ ಕೈ ಕುಲುಕಿದ್ದರು.

ಆಕೆಯ ಹೆಸರು ಮಿಯರ್ಲ್ ಲೇಡರ್‌ಮನ್ ಯೂಕಲೀಸ್. ಅವರು ರಾಜಕಾರಣಿಯಲ್ಲ, ಚುನಾವಣೆಗೆ ನಿಂತವರಲ್ಲ, ಸಮಾಜಸೇವಾ ಸಂಸ್ಥೆ ನಡೆಸುತ್ತಿದ್ದವರೂ ಅಲ್ಲ. ಅವರು ಕಲಾವಿದೆ. ಆ ಕೈಕುಲುಕುವಿಕೆಯೇ ಅವರ ಕಲಾಕೃತಿ. ಅದಕ್ಕೆ ಅವರಿಟ್ಟ ಹೆಸರು ‘ಟಚ್ ಸ್ಯಾನಿಟೇಶನ್’.

"ಇದು ಯಾವ ಸೀಮೆಯ ಕಲೆ?" ಎಂದು ನೀವು ಕೇಳಬಹುದು. ಮೊದಲ ಬಾರಿ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಕ್ಯಾನ್ವಾಸಿಲ್ಲ, ಬಣ್ಣವಿಲ್ಲ, ಗೋಡೆಗೆ ತೂಗುಹಾಕಲು ಏನೂ ಇಲ್ಲ. ಆದರೆ ಈ ಕಲಾವಿದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕೇಳುತ್ತಾ ಬಂದ ಪ್ರಶ್ನೆ ನನ್ನ ಕೆಲಸದ ಮೇಜಿಗೂ ನನ್ನ ಅಡುಗೆಮನೆಗೂ ನೇರವಾಗಿ ಬಂದು ತಾಗಿತು. ಈ ಸಲದ ಅಂಕಣ ಅದರ ಬಗ್ಗೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಐಟಿಯಲ್ಲಿ ಇರುವವರಿಗೆ ಇದು ಗೊತ್ತಿರುವ ಸಂಗತಿಯೇ, ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಎರಡು ಜಾತಿಯ ಪ್ರಾಜೆಕ್ಟುಗಳಿವೆ. ಒಂದು ಡೆವಲಪ್‌ಮೆಂಟ್, ಅಂದರೆ ಹೊಸದನ್ನು ಕಟ್ಟುವುದು. ಇನ್ನೊಂದು ಮೇಂಟೆನೆನ್ಸ್ ಅಥವಾ ಸಪೋರ್ಟ್, ಅಂದರೆ ಕಟ್ಟಿದ್ದು ಬೀಳದಂತೆ ನೋಡಿಕೊಳ್ಳುವುದು. ಹೊಸ ಹುಡುಗ ಹುಡುಗಿಯರು ಕೆಲಸಕ್ಕೆ ಸೇರುವಾಗ ದೇವರಲ್ಲಿ ಬೇಡಿಕೊಳ್ಳುವುದು ಒಂದೇ: "ಸಪೋರ್ಟ್‌ಗೆ ಮಾತ್ರ ಹಾಕಬೇಡಪ್ಪಾ."

ನಾನು ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲ ಆರು ವರ್ಷ ಡೆವಲಪ್‌ಮೆಂಟ್. ಹೆರಿಗೆ ರಜೆ ಮುಗಿಸಿ ವಾಪಸ್ ಬಂದಾಗ ನನ್ನನ್ನು ಸಪೋರ್ಟ್‌ಗೆ ಹಾಕಿದರು. "ಮಗು ಚಿಕ್ಕದು, ನಿಮಗೇ ಅನುಕೂಲ" ಎಂಬುದು ಅವರು ಕೊಟ್ಟ ಕಾರಣ. ರಾತ್ರಿ ಎರಡು ಗಂಟೆಗೆ ಗಿರಾಕಿಯ ಸರ್ವರ್ ಕೈಕೊಟ್ಟಾಗ ಫೋನ್ ಬರುವುದು ಯಾರಿಗೆ ಎಂದು ಅವರು ಯೋಚಿಸಿರಲಿಕ್ಕಿಲ್ಲ. ಎಂಟು ತಿಂಗಳ ಮಗುವನ್ನು ಹೆಗಲ ಮೇಲೆ ತಟ್ಟುತ್ತಾ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಲಾಗ್ ಓದಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಡಿಸ್ಕ್ ತುಂಬುವ ಮೊದಲೇ ಖಾಲಿ ಮಾಡುವುದು, ಸರ್ಟಿಫಿಕೇಟ್ ಅವಧಿ ಮುಗಿಯುವ ಮೊದಲೇ ಬದಲಿಸುವುದು, ನಿಂತುಹೋದ ಬ್ಯಾಚ್ ಜಾಬನ್ನು ಬೆಳಗಾಗುವುದರೊಳಗೆ ಓಡಿಸುವುದು ನಮ್ಮ ಕೆಲಸ. ನಾವು ಚೆನ್ನಾಗಿ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ. ಏನೂ ಆಗದ್ದನ್ನು ಅಪ್ರೈಸಲ್ ಫಾರ್ಮಿನಲ್ಲಿ ಬರೆಯುವುದು ಹೇಗೆ? ಅಲ್ಲಿ ಇರುವ ಅಂಕಣ, ಈ ವರ್ಷ ನೀವು ಹೊಸದಾಗಿ ಏನು ಮಾಡಿದಿರಿ ಎಂಬುದು.

ಇದೇ ಪ್ರಶ್ನೆ 1968ರಲ್ಲಿ ಯೂಕಲೀಸ್ ಅವರನ್ನೂ ಕಾಡಿತು.

ಅವರು ಹುಟ್ಟಿದ್ದು 1939ರಲ್ಲಿ, ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ. ತಂದೆ ಯಹೂದಿ ಧರ್ಮಗುರು. ನ್ಯೂಯಾರ್ಕಿಗೆ ಬಂದು ಬರ್ನಾರ್ಡ್ ಕಾಲೇಜಿನಲ್ಲಿ ಓದಿದರು, ಆಮೇಲೆ ಪ್ರ್ಯಾಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲೆ ಕಲಿಯತೊಡಗಿದರು. ಆಗ ಅವರು ಮಾಡುತ್ತಿದ್ದದ್ದು ಬಟ್ಟೆ ತುರುಕಿ, ಬಿಗಿದು ಕಟ್ಟಿದ ಉಬ್ಬುಬ್ಬಾದ ಅಮೂರ್ತ ಆಕೃತಿಗಳು. ಅವು ಅಶ್ಲೀಲವಾಗಿ ಕಾಣುತ್ತವೆ ಎಂದು ಸಂಸ್ಥೆಯಲ್ಲಿ ಗಲಾಟೆಯೆದ್ದು, ಕೊನೆಗೆ ಅವರು ಅಲ್ಲಿಂದ ಹೊರಬಂದರು.

ಅವರ ಆರಾಧ್ಯ ಕಲಾವಿದರು ಮೂವರು: ಜಾಕ್ಸನ್ ಪೊಲಾಕ್, ಮಾರ್ಸೆಲ್ ದ್ಯೂಷಾಂ, ಮಾರ್ಕ್ ರಾತ್ಕೊ. ಮೂವರೂ ಹಳೆಯದನ್ನು ಮುರಿದು ಹೊಸದಕ್ಕೆ ದಾರಿ ಮಾಡಿದವರು. ಕಲಾವಿದ ಎಂದರೆ ಯಾವ ಕಟ್ಟೂ ಇಲ್ಲದ ಸ್ವತಂತ್ರ ಜೀವಿ ಎಂಬುದನ್ನು ಅವರಿಂದ ಕಲಿತಿದ್ದ ಯೂಕಲೀಸ್‌ಗೆ 1968ರಲ್ಲಿ ಮೊದಲ ಮಗು ಹುಟ್ಟಿತು. ಮಗು ಹೊಟ್ಟೆಯಲ್ಲಿದ್ದಾಗಲೇ, ಇನ್ನು ನೀನು ಕಲಾವಿದೆ ಆಗುವುದು ಸಾಧ್ಯವಿಲ್ಲವಲ್ಲ ಎಂದು ಕಲಿಸುವವರೊಬ್ಬರು ಅವರಿಗೆ ಹೇಳಿದ್ದರಂತೆ. ಮಗು ಬಂದ ಮೇಲೆ ದಿನ ಎರಡು ಭಾಗವಾಯಿತು. ಅರ್ಧ ದಿನ ತಾಯಿ, ಅರ್ಧ ದಿನ ಕಲಾವಿದೆ. ಹಾಲು ಕುಡಿಸಿ, ಒದ್ದೆ ಬಟ್ಟೆ ಬದಲಿಸಿ, ತೊಳೆದು, ಒಣಗಿಸಿ, ಮಡಿಸಿ ಇಡುವಷ್ಟರಲ್ಲಿ ಮತ್ತೆ ಬಟ್ಟೆ ಒದ್ದೆ. ತನ್ನ ಮೂವರು ಗುರುಗಳಲ್ಲಿ ಒಬ್ಬರೂ ಮಗುವಿನ ಬಟ್ಟೆ ಬದಲಿಸಿದವರಲ್ಲ ಎಂಬುದು ಅವರಿಗೆ ಹೊಳೆದದ್ದು ಆಗ.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತದೆ. ಪ್ರತಿಭಾವಂತ ಹುಡುಗಿ, ಮದುವೆ, ಮಗು, ಆಮೇಲೆ ಅಟ್ಟದ ಮೇಲೆ ಧೂಳು ಹಿಡಿಯುವ ಕುಂಚ. ನಮ್ಮ ಮನೆಗಳಲ್ಲೂ ಅಂಥ ವೀಣೆ, ಹಾರ್ಮೋನಿಯಂ, ಗೆಜ್ಜೆಗಳಿಗೆ ಬರವಿಲ್ಲ. ಯೂಕಲೀಸ್ ಹಾಗೆ ಮಾಡಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಒಂದೇ ಪಟ್ಟಿಗೆ ಕೂತು ನಾಲ್ಕು ಪುಟದ ಒಂದು ಘೋಷಣಾಪತ್ರ ಬರೆದರು. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, ನಿರ್ವಹಣಾ ಕಲೆಯ ಪ್ರಣಾಳಿಕೆ.

ಅದರ ವಾದ ಸರಳ. ಜಗತ್ತಿನಲ್ಲಿ ಎರಡು ಬಗೆಯ ಕೆಲಸಗಳಿವೆ. ಒಂದು ಅಭಿವೃದ್ಧಿ: ಹೊಸದನ್ನು ಸೃಷ್ಟಿಸುವುದು, ಬದಲಾವಣೆ, ಪ್ರಗತಿ, ಮುನ್ನುಗ್ಗುವುದು. ಇನ್ನೊಂದು ನಿರ್ವಹಣೆ: ಹಾಗೆ ಸೃಷ್ಟಿಯಾದದ್ದರ ಮೇಲೆ ಧೂಳು ಕೂರದಂತೆ, ಅದು ಕೆಡದಂತೆ, ಸಾಯದಂತೆ ನೋಡಿಕೊಳ್ಳುವುದು. ಮೊದಲನೆಯದಕ್ಕೆ ಹೆಸರು, ಹಣ, ಇತಿಹಾಸದಲ್ಲಿ ಜಾಗ. ಎರಡನೆಯದು ಬೇಸರದ ಕೆಲಸ, ಮುಗಿಯದ ಕೆಲಸ. ಅದಕ್ಕೆ ಸಿಗುವುದು ಕನಿಷ್ಠ ಕೂಲಿ. ಗೃಹಿಣಿಗೆ ಅದೂ ಇಲ್ಲ. ಕ್ರಾಂತಿ ಮಾಡುತ್ತೇವೆ ಎನ್ನುವವರನ್ನೂ ಅವರು ಬಿಡಲಿಲ್ಲ. ನಿಮ್ಮ ಕ್ರಾಂತಿ ಗೆದ್ದ ವಾರವೂ ಬೀದಿಯಲ್ಲಿ ಕಸ ಬಿದ್ದಿರುತ್ತದಲ್ಲ, ಅದು ಯಾರ ಪಾಲಿಗೆ ಎಂದು ಕೇಳಿದರು.

ಡೆವಲಪ್‌ಮೆಂಟ್ ಮತ್ತು ಮೇಂಟೆನೆನ್ಸ್. ಇಂಗ್ಲಿಷಿನಲ್ಲಿ ಅವರು ಬಳಸಿದ್ದು ಇದೇ ಎರಡು ಪದ. ನಮ್ಮ ಉದ್ಯಮದ ಎರಡು ಜಾತಿಗಳ ಹೆಸರು ಐವತ್ತು ವರ್ಷ ಹಿಂದೆ ಒಬ್ಬ ಬಾಣಂತಿ ಕಲಾವಿದೆಯ ಪತ್ರದಲ್ಲಿ ಇದ್ದದ್ದನ್ನು ನೋಡಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ದೂರಿನ ಜೊತೆಗೆ ಆ ಪತ್ರದಲ್ಲಿ ಒಂದು ಪ್ರದರ್ಶನದ ಯೋಜನೆಯೂ ಇತ್ತು. ಗಂಡ ಮತ್ತು ಮಗುವಿನ ಜೊತೆ ಮ್ಯೂಸಿಯಂನಲ್ಲೇ ವಾಸ ಮಾಡುತ್ತೇನೆ, ಅಲ್ಲೇ ಗುಡಿಸಿ, ಒರೆಸಿ, ಅಡುಗೆ ಮಾಡುತ್ತೇನೆ, ಅದೇ ಕಲೆ. ಬೇರೆ ಬೇರೆ ಉದ್ಯೋಗದ ಜನರನ್ನು ನಿರ್ವಹಣೆ ಎಂದರೆ ನಿಮಗೇನು ಎಂದು ಕೇಳಿ, ಅವರ ಉತ್ತರಗಳನ್ನು ಪ್ರದರ್ಶಿಸುತ್ತೇನೆ. ದಿನವೂ ಒಂದು ಲಾರಿ ಕಸ, ಕೊಳಕು ಗಾಳಿ, ಕೊಳಕು ನೀರನ್ನು ಮ್ಯೂಸಿಯಂಗೆ ತರಿಸಿ ಅಲ್ಲಿ ಶುದ್ಧೀಕರಿಸುವುದನ್ನು ತೋರಿಸುತ್ತೇನೆ. ಆ ಪ್ರದರ್ಶನ ಅವರು ಬರೆದ ರೂಪದಲ್ಲಿ ನಡೆಯಲಿಲ್ಲ. ಆದರೆ 1971ರಲ್ಲಿ ‘ಆರ್ಟ್‌ಫೋರಂ’ ಪತ್ರಿಕೆಯ ಲೇಖನವೊಂದರಲ್ಲಿ ಆ ಪ್ರಣಾಳಿಕೆ ಬೆಳಕು ಕಂಡಿತು. ಅಲ್ಲಿಂದ ಅವರಿಗೆ ಬಾಗಿಲುಗಳು ಒಂದೊಂದಾಗಿ ತೆರೆದವು.

ಮೊದಲು ಮನೆಯನ್ನೇ ಕಲೆ ಮಾಡಿದರು. ಚಳಿಗಾಲದಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಬಟ್ಟೆ ತೊಡಿಸುವುದು, ಒಳಗೆ ಬಂದಾಗ ಬಿಚ್ಚುವುದು. ಅಮೆರಿಕದಲ್ಲಿರುವ ನಮ್ಮ ತಂಗಿಯರಿಗೆ, ಅತ್ತಿಗೆಯರಿಗೆ ಇದು ಎಷ್ಟು ಹೊತ್ತಿನ ಕೆಲಸವೆಂದು ಗೊತ್ತು. ಬೂಟು, ಸಾಕ್ಸು, ಕೋಟು, ಟೊಪ್ಪಿ, ಕೈಗವಸು. ಎಲ್ಲ ಮುಗಿಯಿತು ಎನ್ನುವಾಗ "ಅಮ್ಮಾ, ಉಚ್ಚೆ" ಎನ್ನುವ ಕೂಗು. ಯೂಕಲೀಸ್ 1973ರಲ್ಲಿ ಇದನ್ನು 95 ಕಪ್ಪು ಬಿಳುಪು ಫೋಟೋಗಳಲ್ಲಿ ದಾಖಲಿಸಿ ಒಂದು ಫಲಕಕ್ಕೆ ಅಂಟಿಸಿದರು. ಫಲಕಕ್ಕೆ ಸರಪಳಿಯಿಂದ ಒಂದು ಧೂಳೊರೆಸುವ ಬಟ್ಟೆಯನ್ನೂ ಕಟ್ಟಿದರು. ಕಲಾಕೃತಿಯ ಮೇಲೆ ಧೂಳು ಕೂತರೆ ಅದನ್ನೂ ಒರೆಸಬೇಕಲ್ಲ!

ಅದೇ ವರ್ಷ, ಮಹಿಳಾ ಕಲಾವಿದರದ್ದೇ ಒಂದು ಪ್ರದರ್ಶನದ ಭಾಗವಾಗಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿರುವ ವ್ಯಾಡ್ಸ್‌ವರ್ತ್ ಅಥೀನಿಯಂ ಎಂಬ ಹಳೆಯ ಮ್ಯೂಸಿಯಂಗೆ ಹೋದರು. ಅಲ್ಲಿ ಅವರು ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು. ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆ ಗಾಜನ್ನು ಒರೆಸುವುದು ಅಲ್ಲಿನ ಸ್ವಚ್ಛತಾ ಕೆಲಸಗಾರನ ಕೆಲಸ. ಅವತ್ತು ಮೊದಲು ಅವನು ಒರೆಸಿದ. ಆಮೇಲೆ ಯೂಕಲೀಸ್ ಅದೇ ಗಾಜನ್ನು ಒರೆಸಿ, ಇದು ಮೂಲ ನಿರ್ವಹಣಾ ಕಲಾಕೃತಿ ಎಂದು ಮೊಹರು ಹಾಕಿದರು. ಮೊಹರು ಬಿದ್ದ ಕ್ಷಣದಿಂದ ಅದು ಕಲೆ. ಕಲೆಯನ್ನು ಮುಟ್ಟುವ ಅಧಿಕಾರ ಇರುವುದು ಕಲಾಕೃತಿಗಳ ಸಂರಕ್ಷಣೆ ಮಾಡುವ ತಜ್ಞನಿಗೆ ಮಾತ್ರ. ಹಾಗಾಗಿ ಮೂರನೆಯ ಬಾರಿ ಆ ತಜ್ಞನೇ ಬಂದು ಅದರ ಸ್ಥಿತಿ ಪರೀಕ್ಷಿಸಿ ಒರೆಸಬೇಕಾಯಿತು.

ಒಂದೇ ಗಾಜು, ಒಂದೇ ಕೆಲಸ. ಮೊದಲನೆಯವನು ಮಾಡಿದರೆ ಗುಡಿಸಿ ಒರೆಸುವ ಕೆಲಸ, ಎರಡನೆಯವರು ಮಾಡಿದರೆ ಕಲೆ, ಮೂರನೆಯವನು ಮಾಡಿದರೆ ಸಂರಕ್ಷಣಾ ವಿಜ್ಞಾನ. ಸಂಬಳ ಮೂರು ತರಹ, ಮರ್ಯಾದೆ ಮೂರು ತರಹ. ಇದನ್ನು ಅವರು ಭಾಷಣ ಮಾಡಿ ಹೇಳಲಿಲ್ಲ, ಒಂದು ಬಟ್ಟೆ ಹಿಡಿದು ತೋರಿಸಿದರು. ಇನ್ನೊಂದು ದಿನ ಮ್ಯೂಸಿಯಂನ ಹೊರಗಿನ ಮೆಟ್ಟಿಲುಗಳನ್ನೂ ಒಳಗಿನ ನೆಲವನ್ನೂ ಮಗುವಿನ ಲಂಗೋಟಿ ಬಟ್ಟೆ ಹಿಡಿದು ಮೊಣಕಾಲೂರಿ ಗಂಟೆಗಟ್ಟಲೆ ಒರೆಸಿದರು. ಮತ್ತೊಮ್ಮೆ ಕಾವಲುಗಾರರ ಬೀಗದ ಕೈ ಗೊಂಚಲು ಪಡೆದು, ಕೋಣೆಗಳಿಗೂ ಕಚೇರಿಗಳಿಗೂ ಬೀಗ ಹಾಕುತ್ತಾ ತೆಗೆಯುತ್ತಾ ಹೋದರು. ತಮ್ಮ ಬಾಗಿಲಿಗೂ ಬೀಗ ಬೀಳುತ್ತದೆ ಎಂದಾಗ ಒಳಗಿದ್ದವರು ಎದ್ದು ಹೊರಗೆ ಓಡಿ ಬಂದರಂತೆ. ಒಂದು ಕಟ್ಟಡದಲ್ಲಿ ನಿಜವಾದ ಅಧಿಕಾರ ಯಾರ ಸೊಂಟದಲ್ಲಿ ನೇತಾಡುತ್ತಿರುತ್ತದೆ ಎಂದು ಅವರಿಗೆ ಅವತ್ತು ತಿಳಿದಿರಬೇಕು.

ಮುಂದಿನ ಹೆಜ್ಜೆ 1976ರಲ್ಲಿ. ಮ್ಯಾನ್‌ಹಟನ್‌ನ 55, ವಾಟರ್ ಸ್ಟ್ರೀಟ್ ಎಂಬ ಗಗನಚುಂಬಿ ಕಟ್ಟಡದಲ್ಲಿ ಆಗ ವಿಟ್ನಿ ಮ್ಯೂಸಿಯಂನ ಒಂದು ಶಾಖೆ ಇತ್ತು. ಆ ಕಟ್ಟಡವನ್ನು ಹಗಲೂ ರಾತ್ರಿ ಗುಡಿಸಿ, ಒರೆಸಿ, ಕಾವಲು ಕಾದು, ಲಿಫ್ಟ್ ನೋಡಿಕೊಳ್ಳುತ್ತಿದ್ದವರು ಸುಮಾರು 300 ಜನ. ಯೂಕಲೀಸ್ ಅವರಿಗೆಲ್ಲ ಒಂದು ಪತ್ರ ಕೊಟ್ಟರು: ದಿನದಲ್ಲಿ ಒಂದು ಗಂಟೆ, ನೀವೇ ಆರಿಸಿಕೊಂಡ ಗಂಟೆ, ನಿಮ್ಮ ಮಾಮೂಲಿ ಕೆಲಸವನ್ನೇ ಮಾಡುತ್ತಾ ಅದನ್ನು ಕಲೆ ಎಂದುಕೊಳ್ಳಿ. ಆಮೇಲೆ ಪಾಳಿ ಪಾಳಿಗೂ ಹೋಗಿ ಪೋಲರಾಯ್ಡ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ಕೇಳುತ್ತಿದ್ದರು: ಇದು ಕೆಲಸವೋ, ಕಲೆಯೋ? ಉತ್ತರ ಅವರದ್ದೇ. ಅವರು ಏನು ಹೇಳಿದರೋ ಅದೇ ಚೀಟಿ ಫೋಟೋದ ಮೇಲೆ. ಹೀಗೆ 720 ಫೋಟೋಗಳು ಮ್ಯೂಸಿಯಂನ ಗೋಡೆ ಏರಿದವು. ಪಕ್ಕಪಕ್ಕದಲ್ಲಿ ನಿಂತು ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬ ಕಲೆ ಎನ್ನಬಹುದು, ಇನ್ನೊಬ್ಬ ಕೆಲಸ ಎನ್ನಬಹುದು. ಅದನ್ನು ತೀರ್ಮಾನಿಸುವ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟದ್ದು ಇಲ್ಲಿನ ವಿಶೇಷ.

ಈ ಪ್ರದರ್ಶನದ ಬಗ್ಗೆ ‘ವಿಲೇಜ್ ವಾಯ್ಸ್’ ಪತ್ರಿಕೆಯ ವಿಮರ್ಶಕರು ಬರೆಯುತ್ತಾ ಒಂದು ತಮಾಷೆ ಮಾಡಿದರು. ಆಗ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿನಲ್ಲಿತ್ತು. 1975ರಲ್ಲಿ ನೈರ್ಮಲ್ಯ ಕಾರ್ಮಿಕರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮನೆಗೆ ಕಳಿಸಿತ್ತು. ನೈರ್ಮಲ್ಯ ಇಲಾಖೆಯೂ ತನ್ನ ಕೆಲಸವನ್ನು ಕಲಾಪ್ರದರ್ಶನ ಎಂದು ಕರೆದುಕೊಂಡರೆ ಕಲೆಗೆ ಮೀಸಲಾದ ಸರ್ಕಾರಿ ಅನುದಾನವಾದರೂ ಸಿಗಬಹುದು ಎಂಬುದು ಆ ತಮಾಷೆಯ ಸಾರ. ಯೂಕಲೀಸ್ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ವಿಮರ್ಶೆಯ ಪ್ರತಿಯನ್ನು ಇಲಾಖೆಯ ಮುಖ್ಯಸ್ಥರಿಗೆ ಕಳಿಸಿದರು. ಅಲ್ಲಿಂದ ಫೋನ್ ಬಂತು: ಹತ್ತು ಸಾವಿರ ಜನರ ಜೊತೆ ಕಲೆ ಮಾಡಲು ಇಷ್ಟವಿದೆಯೇ?

1977ರಿಂದ ಅವರು ಆ ಇಲಾಖೆಯ ಅಧಿಕೃತ ಕಲಾವಿದೆ. ಸಂಬಳವಿಲ್ಲ. ಕೂರಲು ಒಂದು ಜಾಗ, ಇಲಾಖೆಯೊಳಗೆ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ, ಅಷ್ಟೇ. ದಶಕಗಳು ಕಳೆದರೂ ಅವರು ಆ ಹುದ್ದೆಯನ್ನು ಬಿಡಲಿಲ್ಲ.

ಇಲ್ಲಿಂದ ಹುಟ್ಟಿದ್ದೇ ನಾನು ಮೊದಲು ಹೇಳಿದ ಕೈಕುಲುಕುವ ಯೋಜನೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಇಲಾಖೆಯ ಗ್ಯಾರೇಜುಗಳು, ಕಸ ಸಾಗಿಸುವ ದೋಣಿಗಟ್ಟೆಗಳು, ಕಸದ ಗುಡ್ಡಗಳನ್ನು ಸುತ್ತಿ ತಿಳಿದುಕೊಂಡ ಮೇಲೆ ಅವರು ಶುರು ಮಾಡಿದ್ದು. ಬೆಳಗಿನ ಹಾಜರಿ ಕೂಗುವಾಗ ಅಲ್ಲಿರುತ್ತಿದ್ದರು, ರಾತ್ರಿ ಪಾಳಿಗೂ ಬರುತ್ತಿದ್ದರು. ಕಾರ್ಮಿಕರ ಹಿಂದೆ ನಡೆಯುತ್ತಾ ಅವರು ಬಾಗುವ, ಎತ್ತುವ, ಎಸೆಯುವ ಚಲನೆಗಳನ್ನು ಕನ್ನಡಿಯಂತೆ ಅನುಕರಿಸುತ್ತಿದ್ದರು. ಮೊದಮೊದಲು ಅನುಮಾನದಿಂದ ನೋಡಿದವರು ನಿಧಾನಕ್ಕೆ ಮಾತನಾಡತೊಡಗಿದರು.

ಅವರು ಹೇಳಿಕೊಂಡದ್ದರಲ್ಲಿ ಒಂದು ಪ್ರಸಂಗವನ್ನು ಯೂಕಲೀಸ್ ಮತ್ತೆ ಮತ್ತೆ ನೆನೆಸಿಕೊಂಡಿದ್ದಾರೆ. ಕಡು ಬೇಸಿಗೆಯ ಒಂದು ದಿನ, ಬ್ರೂಕ್ಲಿನ್‌ನಲ್ಲಿ ರಾಶಿ ರಾಶಿ ಕಸ ಎತ್ತಿ ದಣಿದ ಕಾರ್ಮಿಕರು ಒಂದು ಮನೆಯ ಜಗಲಿಯ ಮೇಲೆ ಕೂತರು. ಬಾಗಿಲು ತೆರೆದ ಮನೆಯೊಡತಿ, ನಾತ ಹೊಡೆಯುವ ನೀವು ನನ್ನ ಜಗಲಿಯನ್ನು ನಾರಿಸಬೇಡಿ, ಎದ್ದು ಹೋಗಿ ಎಂದು ಬೈದಳು. ಇದನ್ನು ಹೇಳಿದ ಕಾರ್ಮಿಕನ ಗಂಟಲಲ್ಲಿ ಆ ಮಾತು ಹದಿನೇಳು ವರ್ಷದಿಂದ ಸಿಕ್ಕಿಕೊಂಡಿತ್ತು. ಅದನ್ನು ನೀವು ಇವತ್ತು ಅಳಿಸಿದಿರಿ, ಇದನ್ನು ನೆನಪಿಟ್ಟುಕೊಳ್ಳುತ್ತೀರಾ ಎಂದು ಅವನು ಯೂಕಲೀಸ್‌ರನ್ನು ಕೇಳಿದ.

ಅವರು ಮರೆಯಲಿಲ್ಲ. ಜನ ಕರೆದ ಇಂಥ ಬೈಗುಳಗಳನ್ನೆಲ್ಲ ಕಾರ್ಮಿಕರಿಂದ ಸಂಗ್ರಹಿಸಿದರು. 1984ರಲ್ಲಿ ನ್ಯೂಯಾರ್ಕಿನ ರೊನಾಲ್ಡ್ ಫೆಲ್ಡ್‌ಮನ್ ಗ್ಯಾಲರಿಯ ಮುಂದೆ ಆ ಜಗಲಿಯನ್ನೇ ಮತ್ತೆ ಕಟ್ಟಿ, ಬೈಗುಳಗಳನ್ನು ಗಾಜಿನ ಮೇಲೆ ದೊಡ್ಡದಾಗಿ ಬರೆಸಿದರು. ಸಮಾಜದ ಬೇರೆ ಬೇರೆ ವರ್ಗದ ಜನರನ್ನು ಕರೆದು ಅವನ್ನು ತೊಳೆಸಿದರು. ಅಂದರೆ ಬೈದ ಊರೇ ಬಂದು ಬೈಗುಳವನ್ನು ಒರೆಸಬೇಕು. ಗ್ಯಾಲರಿಯ ಒಳಗೆ, ಕಾರ್ಮಿಕರು ಊಟ ಮಾಡುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ ಪಾಳುಬಿದ್ದ ಕೋಣೆಗಳು ಹೇಗಿದ್ದವು ಎಂಬುದನ್ನೂ ತಂದು ತೋರಿಸಿದರು. ಅದಕ್ಕೂ ಮೊದಲು, 1983ರಲ್ಲಿ, ಇಲಾಖೆಯ ಒಂದು ಕಸದ ಲಾರಿಯ ಮೈಗೆಲ್ಲ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಕಳಿಸಿದ್ದರು. ಮೂಗು ಮುಚ್ಚಿಕೊಂಡು ಲಾರಿಯತ್ತ ನೋಡುವವರಿಗೆ ಕಾಣುವುದು ತಮ್ಮದೇ ಮುಖ. ಕಸ ಲಾರಿಯದ್ದಲ್ಲ, ನಿಮ್ಮದು.

ಇಷ್ಟು ಓದಿದ ಮೇಲೂ ನನ್ನೊಳಗೆ ಒಂದು ತಕರಾರು ಉಳಿದಿತ್ತು. ಧನ್ಯವಾದ ಹೇಳಿದರೆ ಹೊಟ್ಟೆ ತುಂಬುತ್ತದೆಯೇ? ನಮ್ಮ ಆಫೀಸುಗಳಲ್ಲೂ ಸಂಬಳ ಏರಿಸದೆ ಇಮೇಲ್‌ನಲ್ಲಿ ಶಹಬ್ಬಾಸ್ ಕಳಿಸುವ ಪದ್ಧತಿ ಇದೆ. ಒಂದು ಚಪ್ಪಾಳೆಯ ಚಿತ್ರ, ಕೆಳಗೆ ಮೇಲಧಿಕಾರಿಯ ಸಹಿ. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ಅದು ಗಾಯದ ಮೇಲೆ ಉಪ್ಪು.

ಆದರೆ ನ್ಯೂಯಾರ್ಕಿನ ಕಾರ್ಮಿಕರ ಸ್ಥಿತಿಯನ್ನು ಒಮ್ಮೆ ನೋಡಬೇಕು. ಅವರಿಗೆ ಬಲವಾದ ಸಂಘವಿತ್ತು. 1968ರ ಫೆಬ್ರವರಿಯಲ್ಲಿ ಒಂಬತ್ತು ದಿನ ಮುಷ್ಕರ ಹೂಡಿ ಇಡೀ ನಗರವನ್ನು ಕಸದಲ್ಲಿ ಮುಳುಗಿಸಿದ್ದರು. ಹೋರಾಡಿ ಪಡೆದ ಸಂಬಳ, ಸಮವಸ್ತ್ರ, ಪಿಂಚಣಿ ಇತ್ತು. ಇಷ್ಟಿದ್ದೂ ಅವರಿಗೆ ಸಿಗದೇ ಇದ್ದದ್ದು ಗೌರವ. ಯೂಕಲೀಸ್ ಕೊಟ್ಟದ್ದು ಆ ಬಾಕಿಯನ್ನು. ಕೂಲಿಯ ಬದಲಿಗೆ ಕೊಟ್ಟ ಧನ್ಯವಾದ ಅದಲ್ಲ. ಜೊತೆಗೆ ಧನ್ಯವಾದ ಹೇಳುವವರು ಅದಕ್ಕಾಗಿ ಏನು ತೆತ್ತರು ಎಂಬುದೂ ಮುಖ್ಯ. ಅವರು ತಮ್ಮ ಹನ್ನೊಂದು ತಿಂಗಳ ಹಗಲು ರಾತ್ರಿ ತೆತ್ತರು, ಅದೂ ಸಂಬಳವಿಲ್ಲದೆ.

ನಮ್ಮ ದೇಶದಲ್ಲಿ ಓದುವಾಗ ‘ಟಚ್’ ಎಂಬ ಆ ಪದ ಇನ್ನೂ ಬೇರೆಯಾಗಿ ಕೇಳಿಸುತ್ತದೆ. ಟಚ್ ಎಂದರೆ ಮುಟ್ಟುವುದು. ಕಸ ಎತ್ತುವ ಕೆಲಸವನ್ನು ಜಾತಿಯ ಹೆಗಲಿಗೆ ಕಟ್ಟಿ, ಆ ಕಾರಣಕ್ಕೇ ಅವರನ್ನು ಮುಟ್ಟದೆ ದೂರ ಇಟ್ಟ ಸಮಾಜ ನಮ್ಮದು. ನ್ಯೂಯಾರ್ಕಿನ ಆ ಕಾರ್ಮಿಕ ಹದಿನೇಳು ವರ್ಷ ಹೊತ್ತ ಮಾತನ್ನು ಇಲ್ಲಿ ತಲೆತಲಾಂತರದಿಂದ ಹೊತ್ತವರಿದ್ದಾರೆ. ಹಾಗಾಗಿ ಇಲ್ಲಿ ಕೈಕುಲುಕುವುದಕ್ಕೂ ಮೊದಲು ಆಗಬೇಕಾದ ಕೆಲಸಗಳಿವೆ. ಯೂಕಲೀಸ್ ತಮ್ಮ ಪ್ರಯೋಗಗಳನ್ನು ಮಾಡುತ್ತಿದ್ದ 1970ರ ದಶಕದಲ್ಲೇ ಕರ್ನಾಟಕದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅನ್ವಯಿಸುವ ಇನ್ನಷ್ಟು ಬಿಗಿಯಾದ ಕಾಯ್ದೆ 2013ರಲ್ಲಿ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಇಂದಿಗೂ ನಿಂತಿಲ್ಲ. ಕಾಯಂ ಕೆಲಸ, ಸರಿಯಾದ ಕೂಲಿ, ಕೈಗವಸು, ಯಂತ್ರ ಮೊದಲು. ಅದನ್ನು ಕೊಡದೆ ಹಾರ ಹಾಕಿ ಕಾಲು ತೊಳೆದರೆ ಅದು ನಾಟಕ.

ಹಾಗೆಂದು ಗೌರವದ ಪ್ರಶ್ನೆ ಸಣ್ಣದಲ್ಲ. ‘ಪೌರಕಾರ್ಮಿಕ’ ಎಂಬ ನಮ್ಮ ಪದವನ್ನೇ ನೋಡಿ. ಪೌರ ಎಂದರೆ ನಗರಕ್ಕೆ ಸೇರಿದ್ದು, ನಾಗರಿಕ. ಆ ಹೆಸರಿನಲ್ಲಿ ಕಸದ ಸುಳಿವೇ ಇಲ್ಲ. ಊರಿಗಾಗಿ ದುಡಿಯುವವರು ಎಂದಷ್ಟೇ ಇದೆ. ಹಳೆಯ ಬೈಗುಳದಂಥ ಹೆಸರುಗಳನ್ನು ಒರೆಸಿ ಅದರ ಜಾಗದಲ್ಲಿ ಬಂದ ಹೆಸರು ಇದು. ಮುಂಬೈ, ಪುಣೆ, ದೆಹಲಿಗಳಲ್ಲಿರುವ ನಾವು ಬೆಳಿಗ್ಗೆ ಬಾಗಿಲಿಗೆ ಬರುವವರನ್ನು ‘ಕಚರಾವಾಲಾ’ ಎಂದು ಕೂಗುತ್ತೇವೆ. ಯೋಚಿಸಿದರೆ ಕಚರಾ ಅವರದ್ದಲ್ಲವಲ್ಲ. ಕಚರಾವಾಲಾಗಳು ನಾವು. ಅವರು ಅದನ್ನು ಒಯ್ಯುವವರು. ಕನ್ನಡಿ ಹೊದ್ದ ಆ ಲಾರಿ ಹೇಳಿದ್ದೂ ಇದನ್ನೇ.

ಯೂಕಲೀಸ್ ಆಮೇಲೆಯೂ ನಿಲ್ಲಲಿಲ್ಲ. ಬೀದಿ ಗುಡಿಸುವ ಯಂತ್ರಗಳು, ಕಸ ಸಾಗಿಸುವ ದೋಣಿಗಳು, ಹಿಮ ತೆಗೆಯುವ ಯಂತ್ರಗಳನ್ನು ಅವುಗಳ ಚಾಲಕರ ಜೊತೆ ಸೇರಿ ಕುಣಿಸಿದರು. ಜಪಾನಿನ ಎಚಿಗೊ ತ್ಸುಮಾರಿ ಪ್ರದೇಶದಲ್ಲಿ 2003ರಲ್ಲಿ ಹಿಮ ತೆಗೆಯುವ ಯಂತ್ರಗಳ ನೃತ್ಯ ಮಾಡಿಸಿದರು. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ಫ್ರೆಶ್ ಕಿಲ್ಸ್ ಎಂಬ ಕಸದ ಗುಡ್ಡವಿದೆ. 1948ರಲ್ಲಿ ಶುರುವಾಗಿ 2001ರ ಮಾರ್ಚ್‌ನಲ್ಲಿ ಮುಚ್ಚಿದ ಅದು, ಅದೇ ವರ್ಷ ಸೆಪ್ಟೆಂಬರ್ 11ರ ನಂತರ ಅವಳಿ ಗೋಪುರಗಳ ಅವಶೇಷಕ್ಕಾಗಿ ಮತ್ತೆ ತೆರೆಯಬೇಕಾಯಿತು. ಸುಮಾರು 2,200 ಎಕರೆಯ ಆ ಜಾಗ ಈಗ ನಿಧಾನವಾಗಿ ಉದ್ಯಾನವಾಗುತ್ತಿದೆ. ಅಲ್ಲಿನ ಕಲಾವಿದೆಯಾಗಿ ಯೂಕಲೀಸ್ ದಶಕಗಳ ಕಾಲ ತೊಡಗಿಕೊಂಡರು. ಗುಡ್ಡ ಉದ್ಯಾನವಾಗುವುದು ಒಂದು ಜನ್ಮದ ಕೆಲಸವಲ್ಲ. ಅವರಿಗೆ ಅವಸರವೂ ಇರಲಿಲ್ಲ.

ಅವರ ಇಡೀ ಜೀವಮಾನದ ಕೆಲಸವನ್ನು ಒಂದೆಡೆ ತೋರಿಸುವ ಮೊದಲ ದೊಡ್ಡ ಪ್ರದರ್ಶನ ಕ್ವೀನ್ಸ್ ಮ್ಯೂಸಿಯಂನಲ್ಲಿ 2016ರಲ್ಲಿ ನಡೆಯಿತು. ಆಗ ಅವರಿಗೆ ಎಪ್ಪತ್ತೇಳರ ಪ್ರಾಯ. ಪ್ರಣಾಳಿಕೆ ಬರೆದು ನಲವತ್ತೇಳು ವರ್ಷವಾಗಿತ್ತು. ನಿರ್ವಹಣೆಯ ಕೆಲಸಕ್ಕೆ ಮಾನ್ಯತೆ ಎಷ್ಟು ತಡವಾಗಿ ಬರುತ್ತದೆ ಎಂಬುದಕ್ಕೆ ಅವರ ವೃತ್ತಿಜೀವನವೇ ಉದಾಹರಣೆ. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾ ಹೊಡೆತದಿಂದ ನಗರ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ, ಟೈಮ್ಸ್ ಸ್ಕ್ವೇರ್‌ನ ದೊಡ್ಡ ಪರದೆ, ಸಬ್‌ವೇ ನಿಲ್ದಾಣಗಳು, ಮ್ಯೂಸಿಯಂನ ಗಾಜಿನ ಮುಂಭಾಗದ ಮೇಲೆ ಅವರು ನಗರದ ಸೇವಾ ಕಾರ್ಮಿಕರಿಗೆ ಬರೆದ ಧನ್ಯವಾದದ ಸಂದೇಶ ಮೂಡಿತು. ನಲವತ್ತು ವರ್ಷದ ಹಿಂದೆ ಒಬ್ಬೊಬ್ಬರ ಮುಂದೆ ನಿಂತು ಹೇಳಿದ್ದ ಮಾತನ್ನೇ, ಯಾರೂ ಯಾರ ಕೈಯನ್ನೂ ಮುಟ್ಟಲಾಗದ ವರ್ಷದಲ್ಲಿ, ಇಡೀ ಊರಿಗೆ ಕಾಣುವಂತೆ ಹೇಳಿದರು.

ಕೊರೊನಾ ಕಾಲದಲ್ಲಿ ನಾವೂ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ಅಗತ್ಯ ಸೇವೆಗಳು ಯಾವುವು ಎಂಬ ಪಟ್ಟಿಯನ್ನು ಸರ್ಕಾರ ಹೊರಡಿಸಿದಾಗ ಅದರಲ್ಲಿ ಇದ್ದವರು ಕಸ ಒಯ್ಯುವವರು, ಹಾಲು ಹಾಕುವವರು, ನರ್ಸ್‌ಗಳು, ಲೈನ್‌ಮನ್‌ಗಳು. ಹೊಸ ಆ್ಯಪ್ ಕಟ್ಟುವವರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇರುವುದನ್ನು ಓಡಿಸುತ್ತಿರಬೇಕು ಎಂಬುದಷ್ಟೇ ಆಗ ಎಲ್ಲರ ಬೇಡಿಕೆ. ಪಟ್ಟಿ ಹಿಂದಕ್ಕೆ ಹೋದ ಮೇಲೆ ನೆನಪೂ ಹೋಯಿತು. ಯೂಕಲೀಸ್ ಮಾಡಿದ್ದು ಅದಕ್ಕೆ ವಿರುದ್ಧ. ಸಂಕಟದ ಒಂದು ಸಂಜೆಗೆ ಮುಗಿಯದ ಹಾಗೆ, ಮಾಮೂಲಿ ದಿನಗಳಲ್ಲಿ, ಪಾಳಿ ತಪ್ಪದೆ ಹೋಗಿ ನಿಂತರು. ನಿರ್ವಹಣೆಗೆ ಸಲ್ಲಿಸುವ ಧನ್ಯವಾದವೂ ನಿರ್ವಹಣೆಯ ಹಾಗೇ ಇರಬೇಕು. ದಿನವೂ ಮಾಡಬೇಕು, ಮುಗಿಯುವುದಿಲ್ಲ.

ಈ ವರ್ಷದ ಅಪ್ರೈಸಲ್‌ಗೆ ನಮ್ಮ ತಂಡದ ಐವರು ಒಂದು ಕೆಲಸ ಮಾಡಿದೆವು. ಹೊಸದಾಗಿ ಏನು ಮಾಡಿದಿರಿ ಎಂಬ ಅಂಕಣದಲ್ಲಿ ಏನೋ ಹೊಸದನ್ನು ಹುಡುಕಿ ತುರುಕುವುದನ್ನು ಬಿಟ್ಟು, ಕೆಡದಂತೆ ತಡೆದದ್ದನ್ನೆಲ್ಲ ದಿನಾಂಕ, ಗಂಟೆ ಸಮೇತ ಬರೆದೆವು. ಯಾವ ರಾತ್ರಿ ಯಾರು ಎದ್ದರು, ಎಷ್ಟು ಹೊತ್ತು ಕೂತರು, ಆಗ ಎದ್ದಿರದಿದ್ದರೆ ಬೆಳಿಗ್ಗೆ ಏನಾಗುತ್ತಿತ್ತು ಎಂಬ ಲೆಕ್ಕ. ಪಟ್ಟಿ ಹನ್ನೊಂದು ಪುಟವಾಯಿತು. ಅದರ ಫಲ ಇನ್ನೂ ಗೊತ್ತಾಗಿಲ್ಲ, ಗೊತ್ತಾದರೆ ಬರೆಯುತ್ತೇನೆ. ಆದರೆ ಪಟ್ಟಿ ಓದಿದ ನಮ್ಮದೇ ತಂಡದ ಹುಡುಗನೊಬ್ಬ, "ನಾವು ಇಷ್ಟೆಲ್ಲಾ ಮಾಡಿದ್ದೀವಾ ಅಕ್ಕಾ?" ಎಂದು ಕೇಳಿದ. ಮಾಡಿದವರಿಗೇ ಕಾಣದಷ್ಟು ಚೆನ್ನಾಗಿ ಅಡಗಿಕೊಂಡಿತ್ತು ನಮ್ಮ ಕೆಲಸ.

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಹನ್ನೊಂದು ಪುಟಗಳ ಪಟ್ಟಿ ಯಾರದ್ದೋ ಹೆಸರಿನಲ್ಲಿ ಬರೆಯದೆ ಉಳಿದಿರುತ್ತದೆ. ನೀರಿನ ಫಿಲ್ಟರ್ ಬದಲಿಸಿದವರು, ಅಜ್ಜಿಯ ಮಾತ್ರೆ ಮುಗಿಯುವ ಮೊದಲೇ ತಂದಿಟ್ಟವರು, ಮಗುವಿನ ಲಸಿಕೆಯ ದಿನ ನೆನಪಿಟ್ಟವರು ಯಾರು ಎಂದು ಒಮ್ಮೆ ಕೂತು ಬರೆದು ನೋಡಿ. ನಿಮ್ಮ ಬೀದಿಯಲ್ಲಿ ಕಸ ಒಯ್ಯಲು ಬರುವವರ ಹೆಸರು ಗೊತ್ತಿಲ್ಲದಿದ್ದರೆ ನಾಳೆ ಕೇಳಿ. ಹಾಗೆಯೇ ಅವರ ಕೆಲಸ ಕಾಯಂ ಆಗಿದೆಯೇ, ಕೈಗವಸು ಕೊಟ್ಟಿದ್ದಾರೆಯೇ ಎಂಬುದನ್ನೂ ಕೇಳಿ. ಇಲ್ಲ ಎಂದರೆ, ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಲಿಫ್ಟಿನ ಬಣ್ಣದ ಚರ್ಚೆಗಿಂತ ಮೊದಲು ಅದನ್ನು ಎತ್ತಿ.